ಮೈತೂಕಕ್ಕೆ ಕಟ್ಟಿದ ಬೆಲೆ

(ಸ್ವಸಹಾಯ ಸಂಘಗಳ ತಾಲ್ಲೂಕು ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಗೆ ನನ್ನನ್ನು ಕರೆದವರು ವರದಕ್ಷಿಣೆ ಕಾನೂನಿನ ಬಗ್ಗೆ ಒಂದು ಗಂಟೆ ಮಾತಾಡಬೇಕೆಂದು ಕೇಳಿದ್ದರು. ಆ ಕಾನೂನಿನ ಬಗ್ಗೆ ನಿಮ್ಮೆದುರು ನಾನು ಈಗಾಗಲೇ ಎರಡು ಸಲ ಮಾತಾಡಿದ್ದೇನೆ. ಅದೇ ಪಾಠವನ್ನು ಮೂರನೆಯ ಸಲ ಒಪ್ಪಿಸುವ ಬದಲು ಬೇರೊಂದು ವಿಷಯ ಎತ್ತಿಕೊಳ್ಳಲೇ ಎಂದು ಕೇಳಿದೆ. ಯಾವ ವಿಷಯ ಮೇಡಂ ಅಂದರು. 'ದಪ್ಪಗಿರುವ ಹೆಂಗಸರು' ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ, ಆಮೇಲೆ ನಗು ಕೇಳಿಸಿತು. ಈಗ ಇಲ್ಲಿ ಹಿಂದಿನ ಸಾಲಿನಲ್ಲೂ ನಗು ಕೇಳಿಸುತ್ತಿದೆ. ನಗಿ, ಅಡ್ಡಿಯಿಲ್ಲ. ನಾನು ಮಾತಾಡಬೇಕೆಂದಿರುವುದು ಆ ನಗುವಿನ ಬಗ್ಗೆಯೇ.

ನಗದೆ ಇರುವವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರಬಹುದು. ಹೊಟ್ಟೆಗೆ ಸರಿಯಾಗಿ ಸಿಗದ ಹೆಣ್ಣುಮಕ್ಕಳೇ ಹೆಚ್ಚಿರುವ ನಾಡಿನಲ್ಲಿ ದಪ್ಪದ ಮಾತು ಯಾಕೆ, ಇದು ಪಟ್ಟಣದ ಉಳ್ಳವರ ಚಿಂತೆಯಲ್ಲವೇ ಎಂದು. ನಾನೂ ಹಾಗೆಯೇ ತಿಳಿದಿದ್ದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 17ರಷ್ಟು ಜನ ಇರಬೇಕಾದದ್ದಕ್ಕಿಂತ ತೆಳ್ಳಗಿದ್ದಾರೆ. ಶೇಕಡಾ 30ರಷ್ಟು ಜನರ ತೂಕ ಹೆಚ್ಚಿದೆ. ಅದಕ್ಕೆ ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಈ ಎರಡನೆಯ ಅಂಕಿ ಶೇಕಡಾ 23 ಇತ್ತು. ಇದೇ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅಂದರೆ ಮೈ ತುಂಬಿಕೊಂಡಂತೆ ಕಾಣುವ ಎಷ್ಟೋ ಹೆಂಗಸರ ರಕ್ತದಲ್ಲಿ ಸತ್ವವಿಲ್ಲ. ಬೆಳಿಗ್ಗೆ ಎಲ್ಲರಿಗೂ ಬಡಿಸಿ, ತಾನು ಬರೀ ಕಾಫಿ ಕುಡಿದು, ಮಧ್ಯಾಹ್ನ ಮೂರಕ್ಕೆ ಪಾತ್ರೆಯ ತಳದಲ್ಲಿ ಉಳಿದ ಅನ್ನವನ್ನು 'ಯಾಕೆ ಹಾಳುಮಾಡೋದು' ಎಂದು ತಿನ್ನುವ ಹೆಣ್ಣು ದಪ್ಪಗಾಗುವುದೂ ಉಂಟು, ನಿಶ್ಶಕ್ತಳಾಗುವುದೂ ಉಂಟು. ಆದರೆ ಊರು ಅವಳ ಮೈ ನೋಡಿ ಹೇಳುವುದು ಒಂದೇ ಮಾತು: ಚೆನ್ನಾಗಿ ಕೂತು ತಿಂತಾಳೆ.

ನನ್ನ ಕಥೆಯಿಂದಲೇ ಶುರುಮಾಡುತ್ತೇನೆ. ನಲವತ್ತು ವರ್ಷ ನಾನು ಇದನ್ನು ಯಾರಿಗೂ ಹೇಳಿಲ್ಲ.

1983. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಿದ್ದೆ. ಗಂಡಿನ ಕಡೆಯವರು ನೋಡಿಕೊಂಡು ಹೋದರು. ಅವರೆದುರು ಕೇಸರಿಬಾತಿನ ತಟ್ಟೆ ಇಟ್ಟೆ, ನಾನು ಒಂದು ಚಮಚವನ್ನೂ ಮುಟ್ಟಲಿಲ್ಲ. ಮುಟ್ಟಬೇಡವೆಂದು ಅಮ್ಮ ಮೊದಲೇ ಹೇಳಿದ್ದರು. ಹತ್ತು ತೊಲ ಬಂಗಾರಕ್ಕೆ ಮಾತು ಮುಗಿದಿತ್ತು. ಎರಡು ದಿನದ ಮೇಲೆ ಮಧ್ಯಸ್ಥಿಕೆಗೆ ನಿಂತಿದ್ದ ನಮ್ಮ ಸೋದರಮಾವ ಬಂದು ಜಗಲಿಯ ಮೇಲೆ ಕೂತು ಅಪ್ಪನಿಗೆ ಹೇಳಿದರು: "ಭಾವ, ಹುಡುಗಿ ಓದಿದಾಳೆ, ಲಕ್ಷಣವಾಗಿದಾಳೆ, ಅದೆಲ್ಲ ಅವರಿಗೆ ಒಪ್ಪಿಗೆ. ಮೈ ಒಂಚೂರು ಜಾಸ್ತಿಯಾಯ್ತು ಅಂತಾರೆ. ಇನ್ನೈದು ತೊಲ ಹಾಕ್ಬಿಡಿ, ಕೆಲಸ ಆಗುತ್ತೆ." ನಾನು ನಡುಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅಪ್ಪ ಇಪ್ಪತ್ತು ಗುಂಟೆ ತೆಂಗಿನ ತೋಟ ಮಾರಿದರು.

ನನಗೆ ಅವರ ಮೇಲೆ ಕೋಪ ಬರಲಿಲ್ಲ. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲಿ ಬಂದದ್ದು, ಅದರ ಕಲಮುಗಳು ಯಾವುವು, ಆ ಪಿಡುಗಿಗೆ ಸಾಮಾಜಿಕ ಕಾರಣಗಳೇನು ಎಂದು ಪರೀಕ್ಷೆಯಲ್ಲಿ ಹತ್ತು ಪುಟ ಬರೆದು ಬಂದವಳು ನಾನು. ಆದರೂ ಆ ದಿನ ನನಗನಿಸಿದ್ದು 'ನನ್ನ ಮೈ ಅಪ್ಪನ ತೋಟವನ್ನು ತಿಂದುಹಾಕಿತು' ಎಂದು. ಕೇಳಿದವರು ತಪ್ಪಿತಸ್ಥರಾಗಲಿಲ್ಲ, ಕೊಟ್ಟ ವ್ಯವಸ್ಥೆ ತಪ್ಪಾಗಲಿಲ್ಲ, ನಾನು ತಪ್ಪಾದೆ. ಸಾಲಗಾರಳ ಹಾಗೆ ತಲೆ ತಗ್ಗಿಸಿಕೊಂಡು ಗಂಡನ ಮನೆಗೆ ಹೋದೆ. ಅಲ್ಲಿ ಅತ್ತೆಯವರು ನನ್ನ ತಟ್ಟೆಯ ಮುದ್ದೆ ಎಣಿಸುತ್ತಿದ್ದರು. ನನ್ನ ಯಜಮಾನರು ಒಂದು ದಿನವೂ ಕೈ ಎತ್ತಿದವರಲ್ಲ. ಆದರೆ ಮನೆಗೆ ಯಾರೇ ಬಂದರೂ 'ಇವಳು ನಮ್ಮನೆ ಗೋಡೌನು' ಎಂದು ಪರಿಚಯಿಸುತ್ತಿದ್ದರು. ಬಂದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಗದಿದ್ದರೆ ತಮಾಷೆ ಅರ್ಥವಾಗದ ಹೆಂಗಸು ಅನ್ನಿಸಿಕೊಳ್ಳಬೇಕಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದೆ. ಒಂದು ದಿನವೂ ಬೋರ್ಡಿನ ಕಡೆ ತಿರುಗಿ ನೆಮ್ಮದಿಯಿಂದ ಬರೆದವಳಲ್ಲ. ಹುಡುಗರು ಹಿಂದಿನಿಂದ ನೋಡುತ್ತಾರೆಂದು ಪಕ್ಕಕ್ಕೆ ನಿಂತು ವಕ್ರವಾಗಿ ಬರೆಯುವುದನ್ನು ರೂಢಿಮಾಡಿಕೊಂಡಿದ್ದೆ. ನನ್ನ ಬೋರ್ಡಿನ ಅಕ್ಷರ ಕೆಟ್ಟದೆಂದು ಪ್ರಿನ್ಸಿಪಾಲರು ಹೇಳುತ್ತಿದ್ದರು, ಅದಕ್ಕೆ ಕಾರಣ ಅವರಿಗೆ ತಿಳಿಯದು.

ಹೊರಗಿನವರು ಹಚ್ಚಿದ ಕಳಂಕವನ್ನು ನಾವೇ ಒಪ್ಪಿಕೊಂಡು, ಒಳಗಿಳಿಸಿಕೊಂಡು, ನಮ್ಮನ್ನು ನಾವೇ ಅದರಿಂದ ಅಳೆಯತೊಡಗುವುದಕ್ಕೆ ವಿದ್ವಾಂಸರು 'ಅಂತರಂಗೀಕೃತ ಕಳಂಕ' ಎಂದು ದೊಡ್ಡ ಹೆಸರು ಕೊಟ್ಟಿದ್ದಾರೆ. ನಾನು 'ಒಳಗಿಳಿದ ಕಳಂಕ' ಅನ್ನುತ್ತೇನೆ. ಸಮಾಜ ಕೆಲವರಿಗೆ ಗುರುತು ಹಚ್ಚಿ ಅವರ ಬೆಲೆಯನ್ನು ಹೇಗೆ ಇಳಿಸುತ್ತದೆ ಎಂದು ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ 1963ರಲ್ಲೇ ಪುಸ್ತಕ ಬರೆದ. ಅದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ವಿವರಿಸುತ್ತಿದ್ದೆ. ಉದಾಹರಣೆಗೆ ಜಾತಿ ಹೇಳುತ್ತಿದ್ದೆ, ಕುಷ್ಠರೋಗ ಹೇಳುತ್ತಿದ್ದೆ, ವಿಧವೆಯ ಸ್ಥಿತಿ ಹೇಳುತ್ತಿದ್ದೆ. ನನ್ನ ಮೈ ಅದೇ ಪಾಠದೊಳಗೆ ನಿಂತಿದೆ ಎಂಬುದು ಹೊಳೆಯಲೇ ಇಲ್ಲ.

2008ರಲ್ಲಿ ಡರ್ಸೊ ಮತ್ತು ಲ್ಯಾಟ್ನರ್ ಎಂಬ ಇಬ್ಬರು ಸಂಶೋಧಕಿಯರು ಇದನ್ನು ಅಳೆಯಲು ಹನ್ನೊಂದು ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿದರು. ಜನ ನಿಮ್ಮನ್ನು ಎಷ್ಟು ಸಲ ಹೀಯಾಳಿಸಿದರು ಎಂದು ಅದು ಕೇಳುವುದಿಲ್ಲ. ನಿಮ್ಮ ತೂಕದಿಂದಾಗಿ ನೀವು ನಿಮ್ಮನ್ನೇ ಎಷ್ಟು ಹಳಿದುಕೊಳ್ಳುತ್ತೀರಿ ಎಂದು ಕೇಳುತ್ತದೆ. ಅಲ್ಲಿಂದ ಈಚೆಗೆ ಹಲವು ದೇಶಗಳಲ್ಲಿ ಅಧ್ಯಯನಗಳಾಗಿವೆ. ಒಂದೇ ಎತ್ತರ, ಒಂದೇ ತೂಕದ ಇಬ್ಬರು ಹೆಂಗಸರಿದ್ದರೆ, ತನ್ನನ್ನು ತಾನು ಹೆಚ್ಚು ಹಳಿದುಕೊಳ್ಳುವವಳಲ್ಲಿ ಖಿನ್ನತೆ ಹೆಚ್ಚು, ಆತಂಕ ಹೆಚ್ಚು, ಕದ್ದು ಒಂದೇ ಸಲಕ್ಕೆ ಬಾಚಿ ತಿನ್ನುವುದೂ ಹೆಚ್ಚು ಎಂದು ಅವು ಮತ್ತೆ ಮತ್ತೆ ತೋರಿಸುತ್ತವೆ. 2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಅಧ್ಯಯನ, ಇಂಥವರ ರಕ್ತದಲ್ಲಿ ಹೃದಯಕ್ಕೆ ಕೆಡುಕಾದ ಕೊಬ್ಬಿನಂಶವೂ ಹೆಚ್ಚಿರುವ ಸಂಭವವಿದೆ ಎಂದಿತು. ಅದು ಚಿಕ್ಕ ಅಧ್ಯಯನ. ಹಳಿದುಕೊಂಡದ್ದರಿಂದ ಹಾಗಾಯಿತೋ, ಹಾಗಾದದ್ದರಿಂದ ಹಳಿದುಕೊಂಡರೋ ಎಂದು ಅದರಿಂದಲೇ ತೀರ್ಮಾನಿಸಲಾಗದು. ಹಳೆಯ ಮೇಷ್ಟರಿಕೆಯ ಚಾಳಿ, ಇದನ್ನು ಹೇಳದೆ ಮುಂದಕ್ಕೆ ಹೋಗಲಾರೆ.

ಆದರೆ ಇನ್ನೊಂದು ಅಧ್ಯಯನ ಜನರನ್ನು ನಾಲ್ಕು ವರ್ಷ ಹಿಂಬಾಲಿಸಿ ನೋಡಿದೆ. 2013ರಲ್ಲಿ ಪ್ರಕಟವಾದದ್ದು, ಆರು ಸಾವಿರಕ್ಕೂ ಹೆಚ್ಚು ಅಮೆರಿಕನ್ನರದು. ಮೊದಲಿಗೆ ಸ್ಥೂಲಕಾಯ ಇಲ್ಲದವರಲ್ಲಿ, ತೂಕದ ಕಾರಣಕ್ಕೆ ತಮ್ಮನ್ನು ಕೀಳಾಗಿ ಕಂಡರು ಎಂದು ಹೇಳಿಕೊಂಡವರು, ಹಾಗೆ ಹೇಳದವರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿ ಮುಂದೆ ಸ್ಥೂಲಕಾಯದವರಾದರು. 'ನಾಲ್ಕು ಮಾತು ಚುಚ್ಚಿ ಹೇಳಿದರೆ ಬುದ್ಧಿ ಬಂದು ಇಳಿಸಿಕೊಳ್ಳುತ್ತಾಳೆ' ಎನ್ನುವವರು ಇದನ್ನು ಕೇಳಬೇಕು.

ಯಾಕೆ ಹೀಗಾಗುತ್ತದೆಂದು ತಿಳಿಯಲು ನಮಗೆ ಅಮೆರಿಕ ಬೇಕಿಲ್ಲ. ನಾಚಿಕೆಪಟ್ಟ ಹೆಣ್ಣು ಎಲ್ಲರೆದುರು ಉಣ್ಣುವುದಿಲ್ಲ. ಹಗಲೆಲ್ಲ ಉಪವಾಸವಿದ್ದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯ ದೀಪ ಹಾಕದೆ ಬೆಲ್ಲವನ್ನೋ ತಣ್ಣಗಿನ ಅನ್ನವನ್ನೋ ತಿನ್ನುತ್ತಾಳೆ. ನಾನು ತಿಂದಿದ್ದೇನೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯಲು ಹೋದರೆ ಬೈಕಿನ ಹುಡುಗರು 'ರೋಡ್ ರೋಲರ್ ಬಂತು ದಾರಿ ಬಿಡ್ರೋ' ಅನ್ನುತ್ತಾರೆ, ಮಾರನೆಯ ದಿನದಿಂದ ನಡಿಗೆ ನಿಲ್ಲುತ್ತದೆ. ಮನಸ್ಸು ಸದಾ ಬಿಗಿದುಕೊಂಡಿದ್ದರೆ ದೇಹದಲ್ಲಿ ಒತ್ತಡದ ರಸಗಳು ಏರಿರುತ್ತವೆ, ಅವು ಹಸಿವನ್ನು ಹೆಚ್ಚಿಸುತ್ತವೆ, ನಿದ್ದೆ ಕೆಡಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಕೇಡೆಂದರೆ ಅವಳು ಡಾಕ್ಟರ ಹತ್ತಿರ ಹೋಗುವುದಿಲ್ಲ.

ನಮ್ಮಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನಗಿಂತ ದಪ್ಪ, ನನಗಿಂತ ನಗುಮುಖದವಳು, ಒಬ್ಬಟ್ಟು ತಟ್ಟಿದರೆ ಅಂಗೈ ಕಾಣಬೇಕು ಅಷ್ಟು ತೆಳ್ಳಗೆ ತಟ್ಟುತ್ತಿದ್ದಳು. ಒಮ್ಮೆ ಮಂಡಿನೋವಿಗೆಂದು ಒಂದು ಆಸ್ಪತ್ರೆಗೆ ಹೋದಾಗ ಸಾಲಿನಲ್ಲಿ ಕೂತಿದ್ದವರೆಲ್ಲ ಕೇಳುವ ಹಾಗೆ ಡಾಕ್ಟರು, "ಮಂಡಿ ಏನಮ್ಮ ಮಾಡುತ್ತೆ ಪಾಪ, ಹೊರೋಕಾಗ್ಬೇಕಲ್ಲ. ಬಾಯಿ ಕಟ್ಟಿ. ಹತ್ತು ಕೆ.ಜಿ. ಇಳಿಸ್ಕೊಂಡು ಬನ್ನಿ, ಆಮೇಲೆ ನೋಡೋಣ" ಅಂದರು. ಅವಳು ಮಂಡಿ ತೋರಿಸದೆ ಎದ್ದು ಬಂದಳು. ಮತ್ತೆ ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತಲಿಲ್ಲ.

2009ರಲ್ಲಿ, ಮುಟ್ಟು ನಿಂತು ನಾಲ್ಕು ವರ್ಷವಾದ ಮೇಲೆ, ಅವಳಿಗೆ ಮತ್ತೆ ರಕ್ತ ಕಾಣಿಸಿತು. ನನಗೆ ಫೋನ್ ಮಾಡಿದಳು. ಅಕ್ಕ ಕೇಳಿದ್ದು, ಆಸ್ಪತ್ರೆಗೆ ಹೋಗಲೇಬೇಕಾ ಎಂದು. ನಾನು ಏನೆಂದೆ ಗೊತ್ತೇ? "ಹೋಗೋದೇನೋ ಹೋಗು, ಮೊದಲು ಒಂದಿಷ್ಟು ತೂಕ ಇಳಿಸ್ಕೊಂಡು ಹೋಗು ಅಕ್ಕ. ಇಲ್ದಿದ್ರೆ ಮತ್ತೆ ಬೈಸ್ಕೊಂಡು ಬರ್ತೀಯ." ಅವಳ ಮೇಲಿನ ಪ್ರೀತಿಯಿಂದಲೇ ಹೇಳಿದೆ. ಅವಳು ರಾತ್ರಿ ಊಟ ಬಿಟ್ಟಳು. ಬೆಳಿಗ್ಗೆ ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿದಳು. ನಾಲ್ಕೈದು ತಿಂಗಳಲ್ಲಿ ಅವಳ ಮೈ ಇಳಿಯಿತು. ರವಿಕೆಯೆಲ್ಲ ಸಡಿಲ ಕಣೇ ಎಂದು ಖುಷಿಯಿಂದ ಹೇಳಿದಳು, ನಾನು ಭೇಷ್ ಅಂದೆ. ಅದು ಊಟ ಬಿಟ್ಟದ್ದರಿಂದ ಇಳಿದ ತೂಕ ಮಾತ್ರವಲ್ಲ ಎಂದು ತಿಳಿಯುವ ಹೊತ್ತಿಗೆ ಹನ್ನೊಂದು ತಿಂಗಳು ಕಳೆದಿತ್ತು. ಗರ್ಭಕೋಶದ ಒಳಪದರದ ಕ್ಯಾನ್ಸರ್. 2011ರಲ್ಲಿ ತೀರಿಕೊಂಡಳು.

ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ಡಾಕ್ಟರಿಗೆ ತೋರಿಸಬೇಕು. ತೂಕ ಹೆಚ್ಚಿರುವ ಹೆಂಗಸರಲ್ಲಿ ಈ ಕ್ಯಾನ್ಸರ್ ಹೆಚ್ಚು, ಆದ್ದರಿಂದ ಅವರು ಇನ್ನೂ ಬೇಗ ಹೋಗಬೇಕು. ಮೊದಲ ಹಂತದಲ್ಲೇ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಮಂದಿ ಗುಣವಾಗುತ್ತಾರೆ. ಯಾರಿಗೆ ಆಸ್ಪತ್ರೆ ಹೆಚ್ಚು ಬೇಕೋ ಅವರನ್ನೇ ನಾಚಿಕೆ ಆಸ್ಪತ್ರೆಯಿಂದ ದೂರ ನಿಲ್ಲಿಸುತ್ತದೆ. ಆ ಡಾಕ್ಟರನ್ನು ನಾನು ಬಹಳ ವರ್ಷ ಶಪಿಸಿದೆ. ಆಮೇಲೆ ನನ್ನ ಫೋನಿನ ಮಾತೂ ನೆನಪಾಗತೊಡಗಿತು.

ಇಷ್ಟು ಹೇಳಿದೆನೆಂದು ತೂಕದಿಂದ ಏನೂ ತೊಂದರೆಯಿಲ್ಲ ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿಸವೆತ, ಕೆಲವು ಕ್ಯಾನ್ಸರುಗಳು ತೂಕ ಹೆಚ್ಚಿದ್ದರೆ ಹೆಚ್ಚು, ಅದರಲ್ಲೂ ಹೊಟ್ಟೆಯ ಸುತ್ತ ಬೊಜ್ಜಿದ್ದರೆ ಹೆಚ್ಚು. ನಮ್ಮ ಜನರಲ್ಲಿ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆಂದು ನಮ್ಮ ದೇಶದ ವೈದ್ಯರು ಅಳತೆಯ ಗೆರೆಯನ್ನೂ ಕೆಳಗಿಳಿಸಿಕೊಂಡಿದ್ದಾರೆ. ಅದೆಲ್ಲ ನಿಜ. ಆದರೆ ದಪ್ಪಗಾಗುವುದು ಬರೀ ಬಾಯಿಚಪಲದಿಂದ ಎನ್ನುವುದು ಸುಳ್ಳು. ವಂಶದಿಂದ ಬರುತ್ತದೆ, ಬಾಣಂತನದ ನಂತರ ಬರುತ್ತದೆ, ಥೈರಾಯಿಡ್ ಕುಗ್ಗಿದರೆ ಬರುತ್ತದೆ, ಅಂಡಾಶಯದ ತೊಂದರೆಯಲ್ಲಿ ಬರುತ್ತದೆ, ಸ್ಟೆರಾಯಿಡ್ ಮಾತ್ರೆಯಿಂದ, ಮನೋರೋಗದ ಕೆಲವು ಔಷಧಗಳಿಂದ ಬರುತ್ತದೆ, ನಿದ್ದೆಗೆಟ್ಟರೂ ಬರುತ್ತದೆ. 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ, ಸ್ಥೂಲಕಾಯವನ್ನು ಸೋಮಾರಿತನ, ಹೊಟ್ಟೆಬಾಕತನ ಎಂದು ನೋಡುವುದಕ್ಕೆ ವಿಜ್ಞಾನದ ಆಧಾರವಿಲ್ಲ, ಈ ಕಳಂಕವನ್ನು ತೊಡೆಯಬೇಕು ಎಂದು ಒಂದು ಹೇಳಿಕೆ ಹೊರಡಿಸಿದರು. 2025ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಬಳಗ ನೇಮಿಸಿದ್ದ ಆಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತೂಕ ಯಂತ್ರದ ಮುಳ್ಳನ್ನು ನೋಡಿ ಯಾರನ್ನೂ ರೋಗಿ ಎನ್ನಬೇಡಿ, ಅವರ ಅಂಗಾಂಗಗಳಿಗೆ, ದಿನದ ಕೆಲಸಕ್ಕೆ ತೊಂದರೆಯಾಗಿದೆಯೇ ನೋಡಿ ಎಂದಿತು. ಎತ್ತರ-ತೂಕದ ಆ ಲೆಕ್ಕವನ್ನು ಮೊದಲು ಕಂಡುಹಿಡಿದ ಬೆಲ್ಜಿಯಂನ ಕೆಟ್ಲೆ ಎಂಬಾತ ವೈದ್ಯನಲ್ಲ, ಖಗೋಳವನ್ನೂ ಅಂಕಿಅಂಶವನ್ನೂ ಓದಿದವನು. 1830ರ ದಶಕದಲ್ಲಿ ಜನಸಮೂಹದ ಸರಾಸರಿ ನೋಡಲು ಅವನು ಮಾಡಿದ ಲೆಕ್ಕ ಇಂದು ಒಬ್ಬೊಬ್ಬ ಹೆಣ್ಣಿನ ಗುಣನಡತೆಯ ಪ್ರಮಾಣಪತ್ರವಾಗಿ ಕೂತಿದೆ.

ಮೊದಲೆಲ್ಲ ಹೀಗಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಅರ್ಧ ನಿಜ. ನಮ್ಮಜ್ಜಿಯ ಬಾಯಲ್ಲಿ 'ಮೈಕೈ ತುಂಬ್ಕೊಂಡವಳೆ' ಅಂದರೆ ಹೊಗಳಿಕೆ, 'ಸೊರಗಿದಳು' ಅಂದರೆ ಕಳವಳ. ಆದರೆ ಆ ಕಾಲದಲ್ಲಿ ತೆಳ್ಳಗಿದ್ದವಳನ್ನು ಕಡ್ಡಿ ಎಂದು ಜರಿದು, ಇವಳೇನು ಹೆರುತ್ತಾಳೆ ಎಂದು ಅದಕ್ಕೂ ಬಂಗಾರ ಕೇಳಿದ್ದಾರೆ. ಅಂದರೆ ಹೆಣ್ಣಿನ ಮೈಗೆ ಬೆಲೆ ಕಟ್ಟುವ ಸಂತೆ ಹಳೆಯದೇ, ಮಾಲಿನ ಅಳತೆ ಮಾತ್ರ ಬದಲಾಗಿದೆ. ಫಿಜಿ ದ್ವೀಪಗಳಲ್ಲಿ ದುಂಡಗಿನ ಮೈಗೆ ಬಹಳ ಮರ್ಯಾದೆ ಇತ್ತಂತೆ. ಅಲ್ಲಿನ ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟೆಲಿವಿಷನ್ ಬಂತು. ಆಗ ಆನ್ ಬೆಕರ್ ಎಂಬ ವೈದ್ಯೆ ಶಾಲಾ ಹುಡುಗಿಯರನ್ನು ವಿಚಾರಿಸಿದಾಗ, ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವಳು ಒಬ್ಬಳೂ ಇರಲಿಲ್ಲ. ಮೂರೇ ವರ್ಷದಲ್ಲಿ ಅಂಥವರು ನೂರಕ್ಕೆ ಹನ್ನೊಂದು. ನಮ್ಮ ಸಿನಿಮಾಗಳಲ್ಲಿ ದಪ್ಪ ಹೆಂಗಸು ತೆರೆಯ ಮೇಲೆ ಬರುವುದು ಹಾಸ್ಯಕ್ಕೆ, ಕುರ್ಚಿ ಮುರಿಯುವುದಕ್ಕೆ. ಅವಳಿಗೊಂದು ಕಣ್ಣೀರು ಕೊಟ್ಟ ಕಥೆ ಎಷ್ಟಿವೆ, ನೀವೇ ನೆನಪು ಮಾಡಿಕೊಳ್ಳಿ.

ಈಗ ನಮ್ಮ ಸಂಘಗಳ ಒಳಗಿನ ವಿಷಯಕ್ಕೆ ಬರುತ್ತೇನೆ. ಒಬ್ಬ ಸದಸ್ಯೆಯ ಸಂಗತಿ ಹೇಳುತ್ತೇನೆ. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಊರು ಹೆಸರು ಹೇಳುವುದಿಲ್ಲ. ಹೊಲಿಗೆ ಕೆಲಸದವಳು. ಗಂಡ ಹೊಡೆಯುತ್ತಾನೆ, ತವರಿನಿಂದ ಬೈಕಿಗೆ ದುಡ್ಡು ತಾ ಅನ್ನುತ್ತಾನೆ, ಒಂದು ಅರ್ಜಿ ಬರೆದುಕೊಡಿ ಮೇಡಂ ಎಂದು ನನ್ನ ಹತ್ತಿರ ಬಂದಳು. ಕೇಳಿ ಕೇಳಿ ಬರೆದೆ. ಜೊತೆಗೆ ಬಂದಿದ್ದ ಪಕ್ಕದ ಮನೆಯಾಕೆ ನಡುವೆ ಬಾಯಿಹಾಕಿ, "ಅದ್ನೂ ಹೇಳೇ, ದಿನಾ ಬೀದೀಲಿ ನಿಂತ್ಕೊಂಡು ಎಮ್ಮೆ, ಹಂದಿ ಅಂತಾನಲ್ಲ, ನಿನ್ ಜೊತೆ ಹೊರಗೆ ಬರೋಕೆ ನಾಚ್ಕೆ, ಬೇರೆಯವಳನ್ನ ಕಟ್ಕೋತೀನಿ ಅಂತಾನಲ್ಲ" ಅಂದಳು. ನಾನು ಪೆನ್ನು ಎತ್ತಿಕೊಂಡೆ. ಇವಳು ನನ್ನ ಕೈ ಹಿಡಿದು ನಿಲ್ಲಿಸಿದಳು: "ಅದು ಬರೀಬೇಡಿ ಮೇಡಂ. ಹೊಡೆಯೋದು ತಪ್ಪು. ಅದು ನಿಜ ತಾನೇ?"

ನನಗೆ ಮಾತು ಹೊರಡಲಿಲ್ಲ. ಏಟಿನ ಗುರುತನ್ನು ತೋರಿಸಿದ ಹೆಣ್ಣು ಆ ಮಾತನ್ನು ಮುಚ್ಚಿಟ್ಟಳು, ಯಾಕೆಂದರೆ ಆ ವಿಷಯದಲ್ಲಿ ಅವಳು ಗಂಡನ ಕಡೆಯ ಸಾಕ್ಷಿ. ಇದೇ 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಹೇಳಿಕೊಂಡವರು ಇಷ್ಟು. 'ನಿಜ ತಾನೇ' ಎಂದು ಸುಮ್ಮನಾದವರು ಯಾವ ಪಟ್ಟಿಯಲ್ಲಿ ಸಿಗುತ್ತಾರೆ?

ಕಾನೂನು ಇಲ್ಲಿ ನಮಗಿಂತ ಮುಂದಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆ 2005ರಲ್ಲಿ ಬಂದು 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ 3ನೆಯ ಕಲಮಿನಲ್ಲಿ ಹೊಡೆತದ ಜೊತೆಗೇ ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನೂ ಹೇಳಿದೆ. ಅವಮಾನ ಮಾಡುವುದು, ಅಪಹಾಸ್ಯ ಮಾಡುವುದು, ಅಡ್ಡಹೆಸರಿಟ್ಟು ಕರೆಯುವುದು ಎಲ್ಲ ಅದರಲ್ಲಿ ಬರುತ್ತದೆ. ಹೇಳಿದ್ದು ನಿಜವೋ ಸುಳ್ಳೋ ಎಂದು ಕಾನೂನು ಕೇಳುವುದಿಲ್ಲ. ನಿಮ್ಮ ತೂಕ ಎಂಬತ್ತೈದು ಕೆ.ಜಿ. ಇರಬಹುದು, ಅದರಿಂದ ನಿಮ್ಮನ್ನು ಎಮ್ಮೆ ಅನ್ನುವ ಹಕ್ಕು ಯಾರಿಗೂ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ನೀವೆಲ್ಲ ಸಿ.ಡಿ.ಪಿ.ಒ. ಎನ್ನುವವರೇ, ಈ ಕಾಯಿದೆಯಡಿ ಸಂರಕ್ಷಣಾಧಿಕಾರಿಗಳು. ಅವರು ಕೌಟುಂಬಿಕ ಘಟನೆಯ ವರದಿ ಬರೆದುಕೊಳ್ಳಬೇಕು. ಆ ವರದಿಯಲ್ಲಿ ಆಡಿದ ಮಾತನ್ನು ಆಡಿದ ಹಾಗೆಯೇ ಬರೆಸಿ. ಯಾವ ದಿನ, ಯಾರೆದುರು ಎಂದು ಬರೆಸಿ. ವಕೀಲರ ಖರ್ಚಿಗೆ ಹೆದರಬೇಡಿ, 1987ರ ಕಾನೂನು ಸೇವೆಗಳ ಕಾಯಿದೆಯಂತೆ ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಉಚಿತ ನೆರವುಂಟು. ಕೂಡಲೆ ಸಹಾಯ ಬೇಕಾದರೆ 181ಕ್ಕೆ ಫೋನ್ ಮಾಡಿ. ಇನ್ನು, ಹುಡುಗಿ ದಪ್ಪ ಎಂದು ಐದು ತೊಲ ಹೆಚ್ಚು ಕೇಳುವುದು 1961ರ ಕಾಯಿದೆಯ 4ನೆಯ ಕಲಮಿನಂತೆ ಆಗಲೂ ಅಪರಾಧ, ಈಗಲೂ ಅಪರಾಧ. ಕೇಳಿದ್ದಷ್ಟೇ ಸಾಕು, ಕೊಟ್ಟಿರಲೇಬೇಕೆಂದಿಲ್ಲ.

ಆ ಹುಡುಗಿಯ ವಿಷಯ ಪೂರ್ತಿಯಾಗಲಿಲ್ಲ. ಅರ್ಜಿಯ ಮಾತು ಮುಂದುವರಿದಂತೆ ಇನ್ನೊಂದು ಸಂಗತಿ ಹೊರಬಿತ್ತು. ಸಂಘದಿಂದ ಇಪ್ಪತ್ತು ಸಾವಿರ ಸಾಲ ಎತ್ತಿದ್ದಳು. ನಡಾವಳಿ ಪುಸ್ತಕದಲ್ಲಿ 'ಹೊಲಿಗೆ ಯಂತ್ರದ ರಿಪೇರಿ ಮತ್ತು ಬಟ್ಟೆ ಖರೀದಿ' ಎಂದು ಬರೆದಿತ್ತು. ದುಡ್ಡು ಹೋದದ್ದು ತೂಕ ಇಳಿಸುವ ಪುಡಿಯ ಡಬ್ಬಿಗಳಿಗೆ. ನಮ್ಮಂಥ ಸಂಘಗಳ ಪರಿಚಯ ಹಿಡಿದುಕೊಂಡೇ ಮನೆಮನೆಗೆ ಬಂದು ಮಾರುತ್ತಾರಲ್ಲ, ಅಂಥದ್ದು. ಎರಡು ಹೊತ್ತು ಊಟದ ಬದಲು ಆ ಪುಡಿ ಕಲಸಿ ಕುಡಿದು, ಮೂರನೆಯ ತಿಂಗಳು ಯಂತ್ರದ ಮುಂದೆಯೇ ತಲೆಸುತ್ತಿ ಬಿದ್ದಿದ್ದಳು. ಐದು ಕೆ.ಜಿ. ಇಳಿದಿತ್ತಂತೆ, ನಿಲ್ಲಿಸಿದ ಮೇಲೆ ಏಳು ಕೆ.ಜಿ. ಏರಿತಂತೆ. ಈ ಸುದ್ದಿ ಸಂಘದ ಸಭೆಯಲ್ಲಿ ಗೊತ್ತಾದ ದಿನ ಏನಾಯಿತು? ನಕ್ಕರು. ಅವಳಿಗೆ ಡಬ್ಬಿ ಎಂದೇ ಹೆಸರಿಟ್ಟರು. ಗಂಡನ ಹೊಡೆತದ ವಿರುದ್ಧ ಠಾಣೆಯ ಮುಂದೆ ಧರಣಿ ಕೂತಿದ್ದ ಹೆಂಗಸರೇ ಅವರು. ಅವರನ್ನು ದೂರಲು ನನಗೆ ಬಾಯಿಲ್ಲ, ಅಕ್ಕನ ಫೋನಿಗೆ ನಾನು ಕೊಟ್ಟ ಉತ್ತರ ನಿಮಗೆ ಗೊತ್ತಿದೆ.

ಆಮೇಲಿನ ತಿಂಗಳು ನಾನೇ ಆ ಸಂಘಕ್ಕೆ ಹೋಗಿ ಕೂತೆ. ಉಪದೇಶ ಮಾಡಲಿಲ್ಲ, ನನ್ನ ಐದು ತೊಲದ ಕಥೆ ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಾಕೆ, ಕಡ್ಡಿಯಂತಿರುವವಳು, ತನ್ನನ್ನು ಅತ್ತೆ ಒಣಕಲು ಕೊಂಬೆ ಅನ್ನುವುದನ್ನು ಹೇಳಿದಳು. ಇನ್ನೊಬ್ಬಾಕೆ ತನ್ನ ಹದಿಮೂರು ವರ್ಷದ ಮಗಳು ಶಾಲೆಯ ಬಿಸಿಯೂಟ ಬಿಟ್ಟು ಬರುತ್ತಿದ್ದಾಳೆ, ಯಾಕೆಂದು ಕೇಳಿದರೆ ಹೇಳಲ್ಲ, ಮನೆಯಲ್ಲಿ ಅವಳನ್ನು ಡುಮ್ಮಿ ಅಂತ ಕರೆಯುತ್ತಿದ್ದವಳು ನಾನೇ ಎಂದು ಅತ್ತಳು. ಅಂದು ಸಾಲ ವಸೂಲಿಯ ಲೆಕ್ಕವೇ ಆಗಲಿಲ್ಲ. ಅಧ್ಯಕ್ಷೆಗೆ ಸ್ವಲ್ಪ ಬೇಸರವಾಯಿತು, ಅದೂ ನ್ಯಾಯವೇ.

ಈಗ ಆ ಸಂಘದ ಆರು ಮಂದಿ ಸಂಜೆ ಒಟ್ಟಿಗೆ ನಡೆಯುತ್ತಾರೆ. ಒಬ್ಬಳೇ ಹೋದರೆ ರೋಡ್ ರೋಲರ್ ಅನ್ನುವ ಹುಡುಗರು ಆರು ಮಂದಿಯ ಮುಂದೆ ಬಾಯಿ ಬಿಡುವುದಿಲ್ಲ. ತೂಕ ಇಳಿಯಲೆಂದು ನಡೆಯುವುದಲ್ಲ, ಮಂಡಿ ಹಗುರಾಗುತ್ತೆ, ನಿದ್ದೆ ಬರುತ್ತೆ ಅನ್ನುತ್ತಾರೆ. ಮೂವತ್ತು ದಾಟಿದವರಿಗೆ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಉಚಿತವಾಗಿ ಮಾಡುತ್ತಾರಲ್ಲ, ಅದಕ್ಕೆ ಇಬ್ಬಿಬ್ಬರು ಜೊತೆಯಾಗಿ ಹೋಗುತ್ತಾರೆ. ಡಾಕ್ಟರು ಮೈ ನೋಡಿ ಮಾತು ಶುರುಮಾಡಿದರೆ ಪಕ್ಕದಲ್ಲಿದ್ದವಳು, "ಸರ್, ಇವಳು ಬಂದಿದ್ದು ಹೊಟ್ಟೆನೋವಿಗೆ, ಮೊದಲು ಅದು ನೋಡಿ" ಅನ್ನಬೇಕು ಎಂದು ಮಾತಾಡಿಕೊಂಡಿದ್ದಾರೆ. ಸೊಂಟದ ಅಳತೆ ತೆಗೆಯುವಾಗ ಒಳಗೆ ಕರೆದುಕೊಂಡು ಹೋಗಿ ತೆಗೆಯಿರಿ, ಅಂಕಿಯನ್ನು ಗಟ್ಟಿಯಾಗಿ ಕೂಗಬೇಡಿ ಎಂದು ಆಶಾ ಕಾರ್ಯಕರ್ತೆಗೆ ಹೇಳಿದರು. ಆಕೆಯೂ ಒಪ್ಪಿದಳು, ಅವಳದೂ ಸಣ್ಣ ಮೈಯಲ್ಲ.

ಹೊಲಿಗೆಯ ಹುಡುಗಿಯ ಪ್ರಕರಣ ಇನ್ನೂ ನಡೆಯುತ್ತಿದೆ, ಅದರ ಬಗ್ಗೆ ಹೆಚ್ಚು ಹೇಳಲಾರೆ. ಅರ್ಜಿಯ ಎರಡನೆಯ ಪುಟದಲ್ಲಿ ಗಂಡ ಆಡಿದ ಮಾತುಗಳಿವೆ, ಅವಳೇ ಹೇಳಿ ಬರೆಸಿದಳು. ಸಾಲವನ್ನು ಸಂಘ ಮನ್ನಾ ಮಾಡಲಿಲ್ಲ, ಮಾಡಬಾರದು ಕೂಡ. ಕಂತು ಚಿಕ್ಕದು ಮಾಡಿಕೊಟ್ಟರು. ಹೋದ ತಿಂಗಳ ಸಭೆಯಲ್ಲಿ ಅವಳು ನಡಾವಳಿ ಪುಸ್ತಕ ಕೇಳಿ ಇಸಿದುಕೊಂಡು, ಹಳೆಯ ಪುಟ ತೆಗೆಸಿ, 'ಯಂತ್ರದ ರಿಪೇರಿ' ಎನ್ನುವುದನ್ನು ಹೊಡೆದು 'ತೂಕ ಇಳಿಸುವ ಪುಡಿ' ಎಂದು ಬರೆಸಿ ಪಕ್ಕದಲ್ಲಿ ಸಹಿ ಹಾಕಿದಳು. ಕಾರ್ಯದರ್ಶಿ, ಯಾಕಮ್ಮ ಈಗ ಅದೆಲ್ಲ ಅಂದಿದ್ದಕ್ಕೆ, ಮುಂದೆ ಯಾರಾದರೂ ಆ ಡಬ್ಬಿ ಮಾರೋರು ಬಂದರೆ ಈ ಪುಟ ತೋರಿಸಿ ಅಂದಳಂತೆ. ಇನ್ನು ನಾಲ್ಕು ಕಂತು ಉಳಿದಿವೆ.